ಹತ್ತುವುದು ಅಭ್ಯಾಸವಾಗಿದೆ, ಇಳಿಯುವ ದಿನಕ್ಕೆ ಮಂಡಿ ಸಿದ್ಧವಿದೆಯೇ?

ಪ್ರಶ್ನೆ: ನನಗೆ 53 ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ, ಕಾಲೇಜಿನಲ್ಲಿ ಉಪನ್ಯಾಸಕಿ. ಬರುವ ಜುಲೈ ಕೊನೆಯಲ್ಲಿ ನನ್ನ ಯಜಮಾನರು (58 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ) ಮತ್ತು ನಾನು ಆಲ್ಪ್ಸ್ ಪರ್ವತಗಳಲ್ಲಿ ಟೂರ್ ಡು ಮಾಂಟ್ ಬ್ಲಾಂಕ್ ಚಾರಣಕ್ಕೆ ಹೊರಟಿದ್ದೇವೆ. ಒಂದು ತಂಗುಮನೆಯಿಂದ ಮುಂದಿನ ತಂಗುಮನೆಗೆ ನಡೆಯುತ್ತಾ ಹತ್ತು ದಿನಗಳ ದಾರಿ. ತಯಾರಿಗೆಂದು ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಮಂಡಿ ಸವೆಯಬಾರದೆಂದು ಇಳಿಯುವಾಗ ಬಸ್ಸಿನಲ್ಲಿ ಬರುತ್ತೇವೆ. ಹತ್ತುವಾಗ ನನಗೆ ತೊಂದರೆಯೇ ಇಲ್ಲ. ಆದರೆ ಹಿಂದೊಮ್ಮೆ ಹಿಮಾಲಯದ ಚಾರಣದ ಕೊನೆಯ ದಿನ ಇಳಿಯುವಾಗ ಮಂಡಿಚಿಪ್ಪಿನ ಸುತ್ತ ಜೋರಾಗಿ ನೋವು ಬಂದು, ಊರಿಗೆ ಮರಳಿದ ಮೇಲೂ ಒಂದು ವಾರ ನೆಲದ ಮೇಲೆ ಕೂರಲಾಗಲಿಲ್ಲ. ಆಗ ಮಾಡಿಸಿದ ಎಂಆರ್‌ಐ ವರದಿಯಲ್ಲಿ ‘ಆರಂಭಿಕ ಸವೆತ’ ಎಂದು ಬರೆದಿದ್ದಾರೆ. ನನ್ನ ತಾಯಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆಗಿದೆ. ‘ಕೊನೆಯ ದಿನ ಬರೀ ಇಳಿಜಾರು, ಮಂಡಿಗೆ ನೀ-ಕ್ಯಾಪ್ (ಬಿಗಿಪಟ್ಟಿ) ಹಾಕಿಕೊಂಡು ಬೆಳಿಗ್ಗೆ ಒಂದು ನೋವಿನ ಮಾತ್ರೆ ನುಂಗಿದರೆ ಸಾಕು’ ಎಂದು ಗೆಳೆಯರು ಹೇಳುತ್ತಾರೆ. ಅಂದು ರಾತ್ರಿಯೇ ಜಿನೀವಾದಿಂದ ನಮ್ಮ ವಿಮಾನ. ನಾನು ಹೋಗಬಹುದೇ? ಕೊನೆಯ ದಿನ ರೋಪ್‌ವೇ ಹಿಡಿದರೆ ಚಾರಣ ಅಪೂರ್ಣವಾಯಿತೆಂಬ ಕೊರಗು ಉಳಿಯುವುದಿಲ್ಲವೇ?

ಉತ್ತರ: ಹೋಗಬಹುದು. ನೀವು ಬರೆದಿರುವ ಯಾವ ಸಂಗತಿಯೂ ನಿಮ್ಮನ್ನು ತಡೆಯುವಂಥದ್ದಲ್ಲ. ಆದರೆ ನಿಮ್ಮ ತಯಾರಿ ಅರ್ಧ ಮಾತ್ರ ನಡೆದಿದೆ. ಬಿಟ್ಟಿರುವ ಅರ್ಧವೇ ಕೊನೆಯ ದಿನ ನಿಮಗೆ ಬೇಕಾಗುವುದು. ಮಂಡಿ ಉಳಿಸಲೆಂದು ನೀವು ಹತ್ತುತ್ತಿರುವ ಬಸ್ಸೇ ಮಂಡಿಯನ್ನು ಸಿದ್ಧವಾಗದಂತೆ ಇಟ್ಟಿದೆ. ಮಂಡಿ ಮತ್ತು ಕೀಲಿನ ತೊಂದರೆಗಳನ್ನು ನೋಡುವ ವೈದ್ಯನಾಗಿ ನಾನು ಇದನ್ನು ಮೈಸೂರಿನ ಚಾರಣಿಗರಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಬೆಟ್ಟ ಹತ್ತುವ ವೇಗವನ್ನು ಗಡಿಯಾರ ನೋಡಿ ಲೆಕ್ಕ ಹಾಕುವವರು ಇಳಿಯುವುದನ್ನು ಅಭ್ಯಾಸವೆಂದೇ ಪರಿಗಣಿಸುವುದಿಲ್ಲ.

ಮೊದಲು ಆ ಕೊನೆಯ ದಿನ ಹೇಗಿರುತ್ತದೆ ಎಂದು ನೋಡೋಣ. ಈ ಚಾರಣ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳನ್ನು ದಾಟಿ ಮಾಂಟ್ ಬ್ಲಾಂಕ್ ಸಮೂಹವನ್ನು ಸುತ್ತಿ ಬರುವ ಸುಮಾರು 170 ಕಿಲೋಮೀಟರ್‌ಗಳ ಪ್ರದಕ್ಷಿಣೆ. ಒಟ್ಟು ಏರು ಸುಮಾರು 10,000 ಮೀಟರ್. ಹೊರಟ ಜಾಗಕ್ಕೇ ಮರಳುವ ದಾರಿಯಾದ್ದರಿಂದ ಹತ್ತಿದಷ್ಟನ್ನೂ ಇಳಿಯಲೇಬೇಕು. ವಾಡಿಕೆಯ ದಿಕ್ಕಿನಲ್ಲಿ ಹೋದರೆ ಕೊನೆಯ ದಿನ ಫ್ಲೆಜೇರ್ ತಂಗುಮನೆಯಿಂದ (1,877 ಮೀಟರ್) ಹೊರಟು, ಶಮೊನಿ ಕಣಿವೆಯ ಮೇಲಿನ ಅಂಚುದಾರಿಯಲ್ಲಿ ಪ್ಲಾಂಪ್ರಾ ದಾಟಿ, 2,525 ಮೀಟರ್ ಎತ್ತರದ ಬ್ರೆವಾಂ ಶಿಖರಕ್ಕೆ ಏರಬೇಕು. ಅಲ್ಲಿಂದ ಬೆಲ್ಲಾಶಾ ತಂಗುಮನೆಯ ಪಕ್ಕದಿಂದ ಕೆಳಗಿನ ಲೆ ಹೂಷ್ ಊರಿಗೆ ಇಳಿಯಬೇಕು. ಆ ಊರು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಅಂದರೆ ‘ಬರೀ ಇಳಿಜಾರು’ ಎಂಬ ಮಾತಿನಲ್ಲಿ ಎರಡು ತಪ್ಪುಗಳಿವೆ. ಅಂದು ಬೆಳಿಗ್ಗೆ ಸುಮಾರು 650 ಮೀಟರ್ ಏರು ಇದೆ, ಒಂದೆರಡು ಕಡೆ ಬಂಡೆಗೆ ಬಿಗಿದ ಕಬ್ಬಿಣದ ಏಣಿಗಳೂ ಇವೆ. ಆಮೇಲೆ ಒಂದೇ ಉಸಿರಿಗೆಂಬಂತೆ 1,500 ಮೀಟರ್ ಇಳಿಜಾರು ಬರುತ್ತದೆ. ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯ ಎತ್ತರ ಹೆಚ್ಚೆಂದರೆ 300 ಮೀಟರ್. ತುದಿಯಿಂದ ಬುಡದವರೆಗೆ ಮೆಟ್ಟಿಲನ್ನು ಐದು ಬಾರಿ ಇಳಿದರೆ ಆ ಮಧ್ಯಾಹ್ನದ ಕೆಲಸಕ್ಕೆ ಸಮ. ಮೆಟ್ಟಿಲಾದರೂ ಸಮವಾಗಿರುತ್ತದೆ, ಅಲ್ಲಿ ಕಲ್ಲು, ಬೇರು, ಸಡಿಲ ಜಲ್ಲಿ. ಅದೂ ಒಂಬತ್ತು ದಿನ ನಡೆದು ದಣಿದ ಕಾಲುಗಳಲ್ಲಿ.

ಇನ್ನು ನಿಮ್ಮ ಮಂಡಿಯ ವಿಚಾರ. ಎಂಆರ್‌ಐ ವರದಿಯ ಆ ಎರಡು ಪದಗಳು ನಿಮ್ಮನ್ನು ಬಹಳ ಹೆದರಿಸಿವೆ ಎಂದು ಪತ್ರದಿಂದಲೇ ತಿಳಿಯುತ್ತದೆ. ಐವತ್ತು ದಾಟಿದ ಹತ್ತು ಮಂದಿಯನ್ನು, ಮಂಡಿ ನೋವೇ ಇಲ್ಲದವರನ್ನೇ ಆರಿಸಿ, ಎಂಆರ್‌ಐ ಯಂತ್ರದೊಳಗೆ ಮಲಗಿಸಿದರೂ ಹೆಚ್ಚಿನವರ ವರದಿಯಲ್ಲಿ ಇಂಥದ್ದೇ ಏನಾದರೊಂದು ಇರುತ್ತದೆ. ಚಿತ್ರದಲ್ಲಿ ಕಾಣುವ ಸವೆತಕ್ಕೂ ನೀವು ಅನುಭವಿಸುವ ನೋವಿಗೂ ಇರುವ ನಂಟು ತುಂಬಾ ಸಡಿಲ. ತಾಯಿಯವರಿಗೆ ಆದದ್ದು ನಿಮಗೂ ಆಗುವ ಸಾಧ್ಯತೆ ಸ್ವಲ್ಪ ಹೆಚ್ಚಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಡೆದದ್ದರಿಂದ ಮಂಡಿ ಸವೆಯುತ್ತದೆ, ಸುಮ್ಮನಿದ್ದರೆ ಉಳಿಯುತ್ತದೆ ಎಂಬ ಲೆಕ್ಕ ಸರಿಯಲ್ಲ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೆತ್ತೆಯಾದ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಭಾರ ಬಿದ್ದು, ಮತ್ತೆ ಸಡಿಲವಾಗುವ ಚಲನೆಯಲ್ಲೇ ಕೀಲಿನ ದ್ರವದ ಮೂಲಕ ಅದಕ್ಕೆ ಪೋಷಣೆ ಸಿಗುತ್ತದೆ. ತೊಡೆಯ ಸ್ನಾಯು ಗಟ್ಟಿಯಾಗಿರುವವರ ಮಂಡಿ ಹೆಚ್ಚು ಕಾಲ ಚೆನ್ನಾಗಿರುತ್ತದೆ.

ಹಾಗಾದರೆ ಹತ್ತುವಾಗ ಇಲ್ಲದ ನೋವು ಇಳಿಯುವಾಗ ಏಕೆ? ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ಎಷ್ಟೋ ಪಟ್ಟು ಹೆಚ್ಚು ಎಂದು ಎಲ್ಲರೂ ನಂಬಿದ್ದಾರೆ. ಜರ್ಮನಿಯಲ್ಲಿ, ಒಳಗೇ ಅಳತೆಯ ಉಪಕರಣವಿರುವ ಕೃತಕ ಮಂಡಿ ಹಾಕಿಸಿಕೊಂಡವರಿಂದ ಮೆಟ್ಟಿಲು ಹತ್ತಿಸಿ, ಇಳಿಸಿ ಅಳೆದಿದ್ದಾರೆ. ಹತ್ತುವಾಗ ದೇಹದ ತೂಕದ ಮೂರು ಪಟ್ಟಿಗಿಂತ ತುಸು ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ವ್ಯತ್ಯಾಸ ಇದೆ, ಆದರೆ ಅಷ್ಟೇನೂ ದೊಡ್ಡದಲ್ಲ. ಬದಲಾಗುವುದು ಸ್ನಾಯು ಕೆಲಸ ಮಾಡುವ ಬಗೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮೋಟಾಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಭಾರವನ್ನು ಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು. ತುಂಬಿದ ಕೊಡವನ್ನು ಬಾವಿಯೊಳಗೆ ಹಗ್ಗದಿಂದ ಮೆಲ್ಲಗೆ ಇಳಿಬಿಡುವ ಕೈಗಳ ಹಾಗೆ, ಎಳೆಯುವುದೂ ಬಿಡುವುದೂ ಒಟ್ಟಿಗೇ ನಡೆಯುತ್ತದೆ. ಈ ಕೆಲಸದಲ್ಲಿ ಏದುಸಿರು ಬರುವುದಿಲ್ಲ. ಹಾಗಾಗಿ ದಣಿಯುತ್ತಿದ್ದೇವೆ ಎಂದು ನಮಗೇ ತಿಳಿಯುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ, ಅದರ ಬಲ ಗಂಟೆಗಂಟೆಗೆ ಕುಗ್ಗುತ್ತದೆ. ಸ್ನಾಯು ತಡೆಯಲಾರದ ಭಾರ ಆಮೇಲೆ ಪ್ರತಿ ಹೆಜ್ಜೆಗೂ ಧಡ್ ಎಂದು ಮಂಡಿಚಿಪ್ಪಿನ ಹಿಂಭಾಗಕ್ಕೆ ಹೋಗಿ ಬೀಳುತ್ತದೆ. ಹಿಮಾಲಯದಲ್ಲಿ ನಿಮಗೆ ಆದದ್ದು ಬಹುಪಾಲು ಇದೇ. ಆಮೇಲಿನ ಆ ಮೈಕೈ ನೋವು ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡದ್ದರಿಂದ ಎಂದು ಯಾರಾದರೂ ಹೇಳಿದ್ದರೆ ಮರೆತುಬಿಡಿ. ನಡಿಗೆ ನಿಲ್ಲಿಸಿದ ಒಂದೆರಡು ಗಂಟೆಗಳಲ್ಲಿ ಅದು ರಕ್ತದಿಂದ ಹೊರಟುಹೋಗಿರುತ್ತದೆ. ಎರಡನೆಯ, ಮೂರನೆಯ ದಿನ ಹೆಚ್ಚುವ ನೋವು ಆ ಸೂಕ್ಷ್ಮ ಗಾಯಗಳದ್ದು.

ಇದರಲ್ಲೇ ನಿಮಗೆ ಅನುಕೂಲವಾದ ಸಂಗತಿಯೊಂದಿದೆ. ಇಳಿದು ನೊಂದ ಸ್ನಾಯು ವಾಸಿಯಾದ ಮೇಲೆ ಮುಂದಿನ ಬಾರಿ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಒಂದೇ ಒಂದು ಬಾರಿ ಸರಿಯಾಗಿ ಇಳಿದರೂ ಆ ರಕ್ಷಣೆ ಹಲವು ವಾರ ಉಳಿಯುತ್ತದೆ. ಹತ್ತುವ ಅಭ್ಯಾಸ ಎಷ್ಟೇ ಮಾಡಿದರೂ ಇದು ಸಿಗುವುದಿಲ್ಲ. ಇಳಿದೇ ಗಳಿಸಬೇಕು.

ಹಾಗಾಗಿ ಮುಂದಿನ ಭಾನುವಾರದಿಂದ ಕ್ರಮವನ್ನು ಬದಲಿಸಿ. ಮೆಟ್ಟಿಲು ಹತ್ತಿ ದೇವಿಯ ದರ್ಶನ ಮಾಡಿ, ನಂದಿಯವರೆಗೆ ಮಾತ್ರ ಇಳಿಯಿರಿ. ಮೇಲಿನಿಂದ ಅಲ್ಲಿಗೆ ಸುಮಾರು ಮುನ್ನೂರು ಮೆಟ್ಟಿಲು. ಅಲ್ಲಿ ರಸ್ತೆ ಸಿಗುವುದರಿಂದ ಆಟೋ ತರಿಸಿಕೊಂಡು ಮನೆಗೆ ಬರಬಹುದು. ಸೋಮವಾರ, ಮಂಗಳವಾರ ತೊಡೆ ಹಿಡಿದುಕೊಂಡರೆ ಗಾಬರಿಯಾಗಬೇಡಿ. ಮೂರು ವಾರ ಹೀಗೆ ಮಾಡಿ, ನಂತರ ಪೂರ್ತಿ ಕೆಳಗಿನವರೆಗೆ ಇಳಿಯಿರಿ. ಅದು ಒಗ್ಗಿದ ಮೇಲೆ ಬೆನ್ನಿಗೆ ಐದಾರು ಕಿಲೋ ಚೀಲ ಹಾಕಿಕೊಂಡು ಇಳಿಯಿರಿ, ಕೊನೆಗೆ ಒಂದೇ ಬೆಳಿಗ್ಗೆ ಎರಡು ಬಾರಿ. ಮೆಟ್ಟಿಲು ಸಮವಾಗಿರುವುದರಿಂದ ಪಾದಕ್ಕೆ ಬೇಕಾದ ಅಭ್ಯಾಸ ಅಲ್ಲಿ ಸಿಗುವುದಿಲ್ಲ. ತಿಂಗಳಿಗೆ ಒಂದೆರಡು ಬಾರಿ ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋಗಿ. ಬಂಡೆಯ ಮೇಲೆ ಎಲ್ಲಿ ಹೆಜ್ಜೆ ಇಡಬೇಕು ಎಂದು ಕಣ್ಣು ಮತ್ತು ಕಾಲು ಒಟ್ಟಿಗೆ ಕಲಿಯುವುದಕ್ಕೆ ಮಂಡ್ಯ ಜಿಲ್ಲೆಯ ಆ ಬೆಟ್ಟ ಒಳ್ಳೆಯ ಶಾಲೆ. ಮಳೆ ಬಿದ್ದು ಒದ್ದೆಯಾಗಿರುವ ದಿನ ಮಾತ್ರ ಬೇಡ. ಹೊರಡುವ ಎರಡು ವಾರ ಮೊದಲು ದೊಡ್ಡ ಇಳಿಜಾರಿನ ಅಭ್ಯಾಸ ನಿಲ್ಲಿಸಿ, ಸುಮ್ಮನೆ ನಡೆಯಿರಿ.

ಮನೆಯಲ್ಲಿ ಒಂದೇ ವ್ಯಾಯಾಮ ಸಾಕು. ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವಂತೆ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಯಿರಿ, ಮತ್ತೆ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲದೆ ಪಾದದ ಎರಡನೆಯ ಬೆರಳಿನ ನೇರಕ್ಕೆ ಇರಲಿ. ಒಂದೊಂದು ಕಾಲಿಗೆ ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಗೋಡೆ ಹಿಡಿದುಕೊಳ್ಳಲು ಅಡ್ಡಿಯಿಲ್ಲ. ಹತ್ತರಲ್ಲಿ ಮೂರರಷ್ಟು ನೋವು ಬಂದು ಮರುದಿನ ಬೆಳಿಗ್ಗೆಗೆ ಇಳಿದುಹೋದರೆ ಮುಂದುವರಿಸಿ. ಮಂಡಿ ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದಂತಾದರೆ ನಿಲ್ಲಿಸಿ, ಕೀಲು ತಜ್ಞರಿಗೆ ತೋರಿಸಿ. ಆಗ ನಾನು ಮೇಲೆ ಹೇಳಿದ ‘ಹೋಗಬಹುದು’ ಎಂಬ ಮಾತನ್ನು ಅವರ ಪರೀಕ್ಷೆಯ ನಂತರವೇ ನಂಬಿ.

ನೋವಿನ ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್‌ಗಳನ್ನು ನಮ್ಮಲ್ಲಿ ಪೆಪ್ಪರ್‌ಮಿಂಟಿನಂತೆ ಹಂಚುತ್ತಾರೆ. ಚಾರಣದ ದಿನ ಬೆವರು ಹರಿದು ದೇಹದಲ್ಲಿ ನೀರು ಕಡಿಮೆಯಾಗಿರುತ್ತದೆ. ಆಗ ಮೂತ್ರಪಿಂಡಕ್ಕೆ ರಕ್ತ ಹರಿಯುವ ದಾರಿಯನ್ನು ತೆರೆದಿಡಲು ದೇಹ ಬಳಸುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ನಿಮ್ಮ ಯಜಮಾನರು ತೆಗೆದುಕೊಳ್ಳುವ ಬಿಪಿ ಮಾತ್ರೆ ಟೆಲ್ಮಿಸಾರ್ಟನ್, ಲೊಸಾರ್ಟನ್ ಅಥವಾ ರಾಮಿಪ್ರಿಲ್ ಗುಂಪಿನದಾಗಿದ್ದು, ಅದರ ಜೊತೆ ಮೂತ್ರ ಹೆಚ್ಚಿಸುವ ಔಷಧವೂ ಸೇರಿದ್ದರೆ ಈ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಮೂರನೆಯ ಹೊಡೆತ. ಆರೋಗ್ಯವಾಗಿದ್ದವರ ಮೂತ್ರಪಿಂಡವೂ ಹೀಗೆ ಕೈಕೊಡುವುದುಂಟು. ನಿಮ್ಮ ಯಜಮಾನರು ಇದನ್ನು ಮುಟ್ಟುವುದೇ ಬೇಡ. ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಬೇಡ. ಚಾರಣದ ದಿನಗಳಲ್ಲಿ, ಅದರಲ್ಲೂ ವಾಂತಿ ಭೇದಿಯಾದರೆ, ಏನು ಮಾಡಬೇಕೆಂದು ಈಗಲೇ ಅವರ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ನಿಮಗೆ ನೋವು ಬಂದರೆ ಪ್ಯಾರಾಸಿಟಮಾಲ್, ಜೊತೆಗೆ ಮಂಡಿಗೆ ಹಚ್ಚುವ ನೋವಿನ ಜೆಲ್ ಸಾಕು. ಅದೂ ನೋವು ಬಂದ ಮೇಲೆ. ಮುಂಚಿತವಾಗಿ ನುಂಗಿ ಹೊರಟರೆ ದೇಹ ಕೊಡುವ ಎಚ್ಚರಿಕೆಯೇ ಕೇಳಿಸುವುದಿಲ್ಲ. ಇಳಿದ ದಿನ ಅಥವಾ ಮರುದಿನ ಮೂತ್ರ ಕೋಲಾದಂತೆ ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾಯು ತೀವ್ರವಾಗಿ ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಸೇರುತ್ತಿರುವ ಗುರುತು ಅದು. ಅಪರೂಪ, ಆದರೆ ಅಪಾಯ.

ನೀ-ಕ್ಯಾಪ್ ಹಾಕಿಕೊಂಡರೆ ಕೆಲವರಿಗೆ ಧೈರ್ಯ ಬರುತ್ತದೆ, ಬೇಡವೆನ್ನುವುದಿಲ್ಲ. ಮಂಡಿಯ ಭಾರವನ್ನು ಅದು ಹೊರುವುದಿಲ್ಲ ಎಂಬುದು ತಿಳಿದಿರಲಿ. ಭಾರವನ್ನು ನಿಜವಾಗಿ ಹಂಚಿಕೊಳ್ಳುವುದು ಎರಡು ಕೋಲುಗಳು. 25 ಡಿಗ್ರಿ ಇಳಿಜಾರಿನಲ್ಲಿ ಅಳೆದಾಗ ಕೋಲು ಬಳಸಿದವರ ಮಂಡಿಯ ಮೇಲಿನ ಭಾರ ಶೇಕಡಾ 12ರಿಂದ 25ರಷ್ಟು ಕಡಿಮೆಯಾಗಿತ್ತು. ಆದರೆ ಎರಡೂ ಕೈಗಳಲ್ಲಿ ಕೋಲು ಬೇಕು, ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಬೇಕು, ಕಾಲು ಕೆಳಗಿಡುವ ಮೊದಲೇ ಕೋಲು ಊರಿರಬೇಕು. ಅಂಗಡಿಯಿಂದ ತಂದು ನೇರವಾಗಿ ವಿಮಾನಕ್ಕೆ ಹಾಕಬೇಡಿ, ಕುಂತಿ ಬೆಟ್ಟದಲ್ಲಿ ಬಳಸಿ ಕಲಿಯಿರಿ. ಏಣಿಯ ಜಾಗದಲ್ಲಿ ಮಾತ್ರ ಅವನ್ನು ಮಡಚಿ ಚೀಲಕ್ಕೆ ಸಿಕ್ಕಿಸಿ ಕೈ ಬಿಡುವು ಮಾಡಿಕೊಳ್ಳಿ. ತಂಗುಮನೆಗಳಲ್ಲಿ ಊಟ, ಹಾಸಿಗೆ, ಕಂಬಳಿ ಸಿಗುವುದರಿಂದ ಬೆನ್ನಿನ ಚೀಲ ಏಳೆಂಟು ಕಿಲೋ ದಾಟಬೇಕಾಗಿಲ್ಲ. ಹೊರಡುವ ಮೊದಲು ಕಾಲುಗುರು ಕತ್ತರಿಸಿ, ಇಳಿಯುವ ಮುನ್ನ ಬೂಟಿನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಮಂಡಿಗಿಂತಲೂ ನನಗೆ ಹೆಚ್ಚು ಚಿಂತೆ ಇರುವುದು ಬೀಳುವುದರ ಬಗ್ಗೆ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ಚಾರಣಿಗರು ಬಿದ್ದ ಪ್ರಕರಣಗಳನ್ನು ವರ್ಷಗಟ್ಟಲೆ ದಾಖಲಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಇಳಿಯುವಾಗಲೇ ಆಗಿದ್ದವು. ತೊಡೆ ಸೋತಿರುತ್ತದೆ, ಹೊಟ್ಟೆ ಖಾಲಿಯಿರುತ್ತದೆ, ಕೆಳಗೆ ಊರಿನ ಮನೆಗಳು ಕಾಣುತ್ತಿರುತ್ತವೆ, ಮನಸ್ಸು ಆಗಲೇ ಅಲ್ಲಿಗೆ ತಲುಪಿರುತ್ತದೆ. ಬ್ರೆವಾಂ ತುದಿಯಲ್ಲಿ ಮಾಂಟ್ ಬ್ಲಾಂಕ್ ಎದುರಿಗೇ ನಿಂತಿರುತ್ತದೆ. ಫೋಟೊ ತೆಗೆದುಕೊಂಡು, ಅಲ್ಲೇ ಕುಳಿತು ಊಟ ಮುಗಿಸಿ ಇಳಿಯಿರಿ. ಆಮೇಲೆ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಮಂಡ್ಯದ ಬೆಲ್ಲದಲ್ಲಿ ಮಾಡಿದ ಕಡಲೆಕಾಯಿ ಚಿಕ್ಕಿ ಇದಕ್ಕೆ ಬಹಳ ಒಳ್ಳೆಯದು, ಹಗುರ, ಕೆಡುವುದಿಲ್ಲ, ನಿಮ್ಮ ನಾಲಿಗೆಗೂ ಒಗ್ಗಿದ್ದು. ಹೆಜ್ಜೆ ಗಿಡ್ಡವಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಹಿಂದಕ್ಕೆ ವಾಲಬೇಡಿ. ಬೆಲ್ಲಾಶಾದಲ್ಲಿ ಕುಳಿತು ವಿಶ್ರಾಂತಿ ಪಡೆಯಿರಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಸಿಡಿಲುಮಳೆ ಸಾಮಾನ್ಯ. ತಂಗುಮನೆಯಿಂದ ಬೆಳಗಿನ ತಿಂಡಿ ಮುಗಿದ ಕೂಡಲೇ ಹೊರಟರೆ ಮಧ್ಯಾಹ್ನದೊಳಗೆ ಶಿಖರ ಬಿಟ್ಟು ಕೆಳಗಿರಬಹುದು. ಅವಘಡವಾದರೆ ಕರೆಯಬೇಕಾದ ಸಂಖ್ಯೆ 112. ಫ್ರಾನ್ಸಿನ ಬೆಟ್ಟಗಳಲ್ಲಿ ರಕ್ಷಣಾ ತಂಡಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ಖರ್ಚು ನಿಮ್ಮದೇ. ವೀಸಾಕ್ಕೆಂದು ಮಾಡಿಸುವ ವಿಮೆಯಲ್ಲಿ ಚಾರಣ ಮತ್ತು ಬೆಟ್ಟದ ರಕ್ಷಣೆ ಸೇರಿದೆಯೇ ಎಂದು ಓದಿ ನೋಡಿ.

ಈಗ ರೋಪ್‌ವೇ ಮಾತು. ಈ ದಿನದ ದಾರಿಯಲ್ಲಿ ಅದೃಷ್ಟಕ್ಕೆ ಇಳಿಯಲು ಹಲವು ಕಡೆ ಅವಕಾಶವಿದೆ. ಫ್ಲೆಜೇರ್‌ನಿಂದಲೇ ಕೆಳಗಿಳಿಯಬಹುದು, ಪ್ಲಾಂಪ್ರಾದಿಂದ ಶಮೊನಿಗೆ ಇಳಿಯಬಹುದು, ಬ್ರೆವಾಂ ತುದಿಯಿಂದ ಪ್ಲಾಂಪ್ರಾಕ್ಕೂ ರೋಪ್‌ವೇ ಇದೆ. ದುರಸ್ತಿಗಾಗಿ ಕೆಲವೊಮ್ಮೆ ಮುಚ್ಚಿರುತ್ತವೆ, ಆ ವರ್ಷದ ದಿನ ಮತ್ತು ಸಮಯಗಳನ್ನು ಮೊದಲೇ ನೋಡಿಕೊಳ್ಳಿ. ನನ್ನ ಆಯ್ಕೆ ಕೇಳಿದರೆ ಹೀಗೆ: ಮಂಡಿ ಚೆನ್ನಾಗಿದ್ದರೆ ಪೂರ್ತಿ ನಡೆಯಿರಿ. ಹಿಂದಿನ ಎರಡು ದಿನಗಳಲ್ಲೇ ನೋವು ಶುರುವಾಗಿ, ಬೆಳಿಗ್ಗೆ ಎದ್ದಾಗಲೂ ಇದ್ದರೆ, ಬ್ರೆವಾಂವರೆಗೆ ಹತ್ತಿ ಅಲ್ಲಿಂದ ರೋಪ್‌ವೇ ಹಿಡಿಯಿರಿ. ಹತ್ತುವುದು ನಿಮಗೆ ಕಷ್ಟವಿಲ್ಲ, ದಾರಿಯ ಅತ್ಯಂತ ಚೆಲುವಾದ ಭಾಗವೂ ಸಿಗುತ್ತದೆ. ಮಂಡಿ ಊದಿದ್ದರೆ ಅಥವಾ ಬೆಳಿಗ್ಗೆಯೇ ಮೋಡ ಕವಿದಿದ್ದರೆ ಫ್ಲೆಜೇರ್‌ನಿಂದಲೇ ಇಳಿದುಬಿಡಿ. ಬೆಳಿಗ್ಗೆ ಹೇಗಿದ್ದರೆ ಯಾವ ದಾರಿ ಎಂಬ ತೀರ್ಮಾನವನ್ನು ಹಿಂದಿನ ರಾತ್ರಿ ತಂಗುಮನೆಯಲ್ಲಿ ಊಟ ಮಾಡುತ್ತಾ ಇಬ್ಬರೂ ಸೇರಿ ಮಾಡಿ. ಬೆಟ್ಟದ ನಡುವೆ ನೋವಿನಲ್ಲಿ ನಿಂತು ಮಾಡುವ ತೀರ್ಮಾನ ಸರಿಯಾಗಿರುವುದು ಕಡಿಮೆ. ಬೆಲ್ಲಾಶಾ ಕಡೆಗೆ ಇಳಿಯತೊಡಗಿದ ಮೇಲೆ ಕೆಳಗಿನವರೆಗೆ ಕಾಲುಗಳೇ ಗತಿ ಎಂಬುದನ್ನು ನೆನಪಿಡಿ.

ಕೊರಗಿನ ಬಗ್ಗೆ ಕೇಳಿದ್ದೀರಿ. ಒಂಬತ್ತು ದಿನ ಮೂರು ದೇಶಗಳ ಬೆಟ್ಟಗಳನ್ನು ನಿಮ್ಮದೇ ಕಾಲಲ್ಲಿ ದಾಟಿದವರು ನೀವು. ಉಳಿದ ಮೂರು ಗಂಟೆಯ ಇಳಿಜಾರಿಗೆ ಮಂಡಿಯನ್ನು ಒತ್ತೆಯಿಟ್ಟು, ಆಮೇಲೆ ಮೂರು ತಿಂಗಳು ಚಾಮುಂಡಿಯನ್ನೂ ಹತ್ತಲಾಗದೆ ಕೂತವರನ್ನು ನಾನು ನೋಡಿದ್ದೇನೆ. ಅವರ ಕೊರಗು ದೊಡ್ಡದು.

ಉಳಿದದ್ದು ಆ ರಾತ್ರಿಯ ವಿಮಾನ. ನಿಮ್ಮ ಇಡೀ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಇದೊಂದೇ. ಸಂಜೆಯೊಳಗೆ ಜಿನೀವಾ ಮುಟ್ಟಲೇಬೇಕು ಎಂಬ ಆತುರವಿದ್ದರೆ ವಿಶ್ರಾಂತಿ, ಊಟ, ಗಿಡ್ಡ ಹೆಜ್ಜೆ ಎಲ್ಲವೂ ಬಿಟ್ಟುಹೋಗುತ್ತವೆ. ಮೋಡ ಕವಿದರೂ ಕಾಯುವ ಧೈರ್ಯ ಬರುವುದಿಲ್ಲ. ಜೊತೆಗೆ, ಊದಿದ ಕಾಲುಗಳನ್ನು ಮಡಚಿಕೊಂಡು ಹತ್ತಾರು ಗಂಟೆ ವಿಮಾನದಲ್ಲಿ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಎರಡೂ ಕಾಲು ಸಮನಾಗಿ ನೋಯುವುದು ಚಾರಣದ ನೋವು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಚಾರಣದ ನೋವೆಂದು ತಳ್ಳಿಹಾಕದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಶಮೊನಿ ಅಥವಾ ಲೆ ಹೂಷ್‌ನಲ್ಲಿ ಒಂದು ರಾತ್ರಿ ಉಳಿದು, ಮರುದಿನ ಊರೊಳಗೆ ಸ್ವಲ್ಪ ಅಡ್ಡಾಡಿ, ಆಮೇಲೆ ಹೊರಡಿ. ಆ ಕಣಿವೆಯಲ್ಲಿ ರೈಲು, ಬಸ್ಸು ಎರಡೂ ಓಡುತ್ತವೆ. ಜಿನೀವಾ ವಿಮಾನ ನಿಲ್ದಾಣ ರಸ್ತೆಯಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಟಿಕೆಟ್ ಬದಲಿಸಲು ತಗಲುವ ಹಣ ಈಗ ಕಡಿಮೆ, ಜುಲೈ ಹತ್ತಿರವಾದಷ್ಟೂ ಹೆಚ್ಚು. ಈ ವಾರದಲ್ಲೇ ಬದಲಿಸಿ.